ಸುರತ್ಕಲ್ಲೋ, ಕಂಕನಾಡಿಯೋ? ಮನೆ ಎಲ್ಲಿ ಮಾಡಲಿ?

ಪ್ರಶ್ನೆ: ನಮ್ಮದು ದಾವಣಗೆರೆ. ಪತಿಗೆ ಮಂಗಳೂರಿನ ಸುರತ್ಕಲ್ ಹತ್ತಿರದ ಕಾರ್ಖಾನೆಗೆ ವರ್ಗವಾಗಿದೆ. ನನಗೂ ದೇರಳಕಟ್ಟೆಯ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿದೆ. ಜೂನ್‌ನಲ್ಲಿ ಇಬ್ಬರೂ ಸೇರಬೇಕು. ಮಗಳು ಒಂದನೇ ಕ್ಲಾಸಿಗೆ. ಅತ್ತೆಯೂ ಜೊತೆಗೆ ಬರುತ್ತಾರೆ. ಸುರತ್ಕಲ್‌ನಲ್ಲೇ ಮನೆ ಮಾಡೋಣ ಎನ್ನುವುದು ಪತಿಯ ಮಾತು. ಅಲ್ಲಿ ನಮ್ಮ ಕಡೆಯ ನಾಲ್ಕೈದು ಕುಟುಂಬಗಳಿವೆ. ತುಳು ಬಾರದ, ಮೀನಿನ ವಾಸನೆ ಆಗದ ಅತ್ತೆಗೂ ಅದೇ ಇಷ್ಟ. ಕಂಪನಿ ಬಸ್ಸು ಕಂಕನಾಡಿವರೆಗೂ ಬರುತ್ತದಂತೆ. ಆದರೂ 'ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋ' ಅನ್ನುತ್ತಾರೆ. ಬಾಡಿಗೆ ಕಟ್ಟೋದು ದಂಡ, ಫ್ಲ್ಯಾಟೇ ತಗೊಳ್ಳಿ ಅಂತ ಅಣ್ಣ. ಊರ ಮಧ್ಯೆ, ಕಂಕನಾಡಿ ಕಡೆ ಇರೋಣ ಅಂತ ಹಟ ಹಿಡಿದರೆ ನಾನು ಸ್ವಾರ್ಥಿ ಆಗ್ತೀನಾ?
ಹೆಸರು ಬೇಡ, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಇಲ್ಲ, ನೀವು ಸ್ವಾರ್ಥಿ ಅಲ್ಲವೇ ಅಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ಒಬ್ಬರ ಕೆಲಸದ ಪಕ್ಕದಲ್ಲೇ ಮನೆ ಮಾಡಿ, ಇನ್ನೊಬ್ಬರಿಗೆ ಅಡ್ಜಸ್ಟ್ ಮಾಡ್ಕೋ ಅನ್ನುವುದು ನ್ಯಾಯವಲ್ಲ. ಹಾಗಂತ ನಿಮ್ಮ ಪತಿ ಕೆಟ್ಟ ಮನಸ್ಸಿನಿಂದ ಹೇಳಿದ್ದಾರೆ ಅಂತಲೂ ನನಗೆ ಅನಿಸುವುದಿಲ್ಲ. ಮಂಗಳೂರು ಬೆಂಗಳೂರಿನಷ್ಟು ದೊಡ್ಡದೇನಲ್ಲ, ಎಲ್ಲಿಂದ ಎಲ್ಲಿಗೆ ಹೋದರೂ ಅರ್ಧ ಗಂಟೆ ಅಂದುಕೊಂಡಿರಬೇಕು. ಹೊರಗಿನಿಂದ ಬರುವ ತುಂಬಾ ಜನ ಹಾಗೇ ಅಂದುಕೊಂಡು ಬರುತ್ತಾರೆ.

ಸುರತ್ಕಲ್ ಉತ್ತರದ ತುದಿ, ದೇರಳಕಟ್ಟೆ ದಕ್ಷಿಣದ ತುದಿ. ನಡುವೆ ಹತ್ತಿರ ಹತ್ತಿರ 30 ಕಿ.ಮೀ. ದಾರಿ ಹೇಗಿದೆ ಹೇಳುತ್ತೇನೆ. ಬೈಕಂಪಾಡಿ, ಪಣಂಬೂರು, ಆಮೇಲೆ ಕೂಳೂರು ಸೇತುವೆ. ಬಂದರಿನ ಲಾರಿ, ಟ್ಯಾಂಕರ್ ಎಲ್ಲ ಓಡಾಡುವುದು ಇದೇ ಹೆದ್ದಾರಿ 66ರಲ್ಲಿ. ಮುಂದೆ ಕೊಟ್ಟಾರ ಚೌಕಿ, ಕುಂಟಿಕಾನ, ಕೆಪಿಟಿ, ನಂತೂರು, ಪಂಪ್‌ವೆಲ್. ಅಲ್ಲಿಂದ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಬೇಕು. ಎರಡು ನದಿ, ಅಷ್ಟೂ ಜಂಕ್ಷನ್ನು, ದಿನಕ್ಕೆ ಎರಡು ಸಲ. ಬಸ್ಸಿನಲ್ಲಾದರೆ ನಡುವೆ ಇಳಿದು ಇನ್ನೊಂದು ಹತ್ತಬೇಕಾದೀತು, ಎಷ್ಟೋ ದಿನ ನಿಂತೇ ಹೋಗಬೇಕಾದೀತು. ಸೇತುವೆ ಮೇಲೆ ಒಂದು ಲಾರಿ ಕೆಟ್ಟು ನಿಂತರೆ ಆ ಸಂಜೆ ಮುಗಿದ ಹಾಗೇ. ಕಂಪನಿ ಬಸ್ಸಿನಲ್ಲಿ ನಿಮ್ಮ ಪತಿಗೆ ಸೀಟು ಗ್ಯಾರಂಟಿ. ನಿಮಗೆ ಆ ಅನುಕೂಲ ಇಲ್ಲ.

ಇದನ್ನು ಮಾತಿನಲ್ಲಿ ಹೇಳಿದರೆ ಜಗಳವಾಗುತ್ತದೆ. ಅದರ ಬದಲು ಇಬ್ಬರೂ ಕೂತು ನಿಮ್ಮ ಸಂಜೆ ಐದರಿಂದ ಏಳೂವರೆವರೆಗಿನ ಹೊತ್ತನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮಗಳನ್ನು ಶಾಲೆಯಿಂದ ಯಾರು ಕರೆತರುತ್ತಾರೆ, ಅವಳಿಗೆ ಜ್ವರ ಬಂದು ಶಾಲೆಯಿಂದ ಫೋನ್ ಬಂದರೆ ಯಾರು ಓಡುತ್ತಾರೆ, ರಾತ್ರಿ ಅಡುಗೆ ಯಾರದು, ಹೋಮ್‌ವರ್ಕ್ ಯಾರು ನೋಡುತ್ತಾರೆ, ಪತಿಗೆ ಶಿಫ್ಟ್ ಇದ್ದ ದಿನ ಏನು ಕತೆ. ಎರಡೂ ಊರಿನಿಂದ ಲೆಕ್ಕ ಹಾಕಿ. ಮನೆ ನೋಡಲು ಬಂದಾಗ ಭಾನುವಾರ ಕಾರಿನಲ್ಲಿ ಸುತ್ತಿ ಹೋಗಬೇಡಿ. ಸೋಮವಾರವೂ ಉಳಿಯಿರಿ. ಬೆಳಗ್ಗೆ ಎಂಟಕ್ಕೆ ಇಬ್ಬರೂ ಸುರತ್ಕಲ್‌ನಲ್ಲಿ ಬಸ್ಸು ಹತ್ತಿ ದೇರಳಕಟ್ಟೆವರೆಗೆ ಹೋಗಿ. ಸಂಜೆ ಐದೂವರೆಗೆ ವಾಪಸ್ ಬನ್ನಿ. ನಿಮ್ಮ ಪತಿ ಆ ಬಸ್ಸಿನಲ್ಲಿ ನಿಮ್ಮ ಪಕ್ಕ ನಿಂತು ಬರಲಿ. ಇದನ್ನು ಪರೀಕ್ಷೆ ಅಂತ ಮಾಡಬೇಡಿ. ಅವರಿಗೂ ಗೊತ್ತಾಗಲಿ ಅಂತ ಮಾಡಿ.

ನಿಮಗೆ ಕೆಲಸ ಇಲ್ಲದಿದ್ದರೆ ನಾನು ಕಣ್ಣುಮುಚ್ಚಿ ಸುರತ್ಕಲ್ ಅನ್ನುತ್ತಿದ್ದೆ. ಸಮುದ್ರ ಹತ್ತಿರ, ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು ಇದೆ, ಬಾಡಿಗೆಯೂ ಊರ ಮಧ್ಯಕ್ಕಿಂತ ಕಡಿಮೆ. ಇನ್ನೊಂದು ಕಡೆ ತೊಕ್ಕೊಟ್ಟಿನಲ್ಲೇ ಮನೆ ಮಾಡಿದರೆ ನಿಮಗೆ ಆರಾಮ. ಆದರೆ ಪತಿಯ ಬಸ್ಸು ನೇತ್ರಾವತಿ ದಾಟುವುದಿಲ್ಲ, ಆಗ ಇದೇ ಅನ್ಯಾಯ ಅವರ ತಲೆ ಮೇಲೆ ಬೀಳುತ್ತದೆ. ಹಾಗಾಗಿ ನನ್ನ ಸಲಹೆ ಕಂಕನಾಡಿ, ಬೆಂದೂರ್‌ವೆಲ್, ವೆಲೆನ್ಸಿಯಾ ಆಸುಪಾಸು. ಅಲ್ಲಿ ಸಿಗದಿದ್ದರೆ ಜೆಪ್ಪು. ಅತ್ತಾವರವೂ ಆದೀತು, ಆದರೆ ಅಲ್ಲಿ ಕಾಲೇಜು ಹುಡುಗರ ಬಾಡಿಗೆ ಮನೆಗಳು ಜಾಸ್ತಿ. ಕದ್ರಿ, ಬಿಜೈ ಒಳ್ಳೆಯ ಜಾಗಗಳೇ, ದಾವಣಗೆರೆಯಿಂದ ಬರುವ ಕೆಎಸ್‌ಆರ್‌ಟಿಸಿ ಬಸ್ಸು ನಿಲ್ಲುವುದೂ ಬಿಜೈಯಲ್ಲೇ. ಆದರೆ ಅಲ್ಲಿಂದಾದರೆ ನಂತೂರಿನ ಗದ್ದಲ ನಿಮಗೆ ದಿನಾ ಸಿಗುತ್ತದೆ. ಕಂಕನಾಡಿಯಿಂದ ನೀವು ನೇರ ಪಂಪ್‌ವೆಲ್‌ಗೆ ಇಳಿದು ಸೇತುವೆ ಹಿಡಿಯಬಹುದು. ಬಾಡಿಗೆ ಸುರತ್ಕಲ್‌ಗಿಂತ ಜಾಸ್ತಿ ಆಗುತ್ತದೆ, ನಿಜ. ನಿಮ್ಮ ಸಂಬಳದ ಒಂದು ಭಾಗ ಅದಕ್ಕೆ ಹೋದರೂ ನಷ್ಟ ಅಂದುಕೊಳ್ಳಬೇಡಿ, ದಿನಾ ಒಂದೆರಡು ಗಂಟೆ ಮಗಳ ಜೊತೆ ಸಿಗುತ್ತದಲ್ವಾ?

ಬ್ರೋಕರ್ 'ಕಂಕನಾಡಿ ಸ್ಟೇಷನ್ ಹತ್ತಿರ' ಅಂದರೆ ಒಮ್ಮೆ ವಿಚಾರಿಸಿ. ಹಳಬರು ಕಂಕನಾಡಿ ಸ್ಟೇಷನ್ ಅನ್ನುವುದು ಈಗಿನ ಮಂಗಳೂರು ಜಂಕ್ಷನ್‌ಗೆ. ಅದು ಇರುವುದು ಪಡೀಲ್ ಕಡೆ. ಕಂಕನಾಡಿ ಮಾರ್ಕೆಟ್ಟಿಗೂ ಅದಕ್ಕೂ ದೂರ ಇದೆ.

ಈಗ ಮಳೆಯ ವಿಷಯ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ದಾವಣಗೆರೆಯಿಂದ ಬರುವವರಿಗೆ ಇದರ ಅಂದಾಜು ಇರುವುದಿಲ್ಲ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೇಲೆ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ನೀವು ಮನೆ ನೋಡುವುದು ಏಪ್ರಿಲ್, ಮೇನಲ್ಲಿ. ಆಗ ಎಲ್ಲ ಮನೆಯೂ ಒಣಗಿ ಚಂದ ಕಾಣುತ್ತದೆ. ಗೋಡೆಯ ಕೆಳಗಿನ ಎರಡು ಅಡಿಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಯಾಕೆ ಅಂತ ಕೇಳಿ. ಬೀರು ಇಡುವ ಮೂಲೆಯನ್ನು ಮೂಸಿ ನೋಡಿ, ಬೂಸ್ಟಿನ ವಾಸನೆ ಬೇಸಿಗೆಯಲ್ಲೂ ಹೋಗಿರುವುದಿಲ್ಲ. ಇದು ಗುಡ್ಡ, ತಗ್ಗುಗಳ ಊರು. ಕಟ್ಟಡದ ಹಿಂದೆ ಗುಡ್ಡ ಕಡಿದಿದ್ದರೆ ತಡೆಗೋಡೆ ಇದೆಯಾ, ಅದರಲ್ಲಿ ಬಿರುಕು ಇದೆಯಾ ನೋಡಿ. ತಗ್ಗಿನಲ್ಲಿದ್ದರೆ ತೋಡು, ಅಂದರೆ ಮಳೆನೀರಿನ ಹಳ್ಳ, ಎಲ್ಲಿ ಹರಿಯುತ್ತದೆ ನೋಡಿ. ಆಮೇಲೆ ಬೀದಿ ತುದಿಯ ಗೂಡಂಗಡಿಯವರನ್ನೋ, ರಿಕ್ಷಾ ಸ್ಟ್ಯಾಂಡಿನವರನ್ನೋ ಒಂದೇ ಪ್ರಶ್ನೆ ಕೇಳಿ: '2018ರ ಮೇ 29ರ ಮಳೆಗೆ ಇಲ್ಲಿ ನೀರು ಬಂದಿತ್ತಾ?' ಆ ದಿನ ಕೊಟ್ಟಾರ ಚೌಕಿ ಸೇರಿ ಊರಿನ ಎಷ್ಟೋ ತಗ್ಗು ಜಾಗಗಳು ಮುಳುಗಿದ್ದವು. ಇಲ್ಲಿನವರು ಅದನ್ನು ಮರೆತಿಲ್ಲ. ಓನರ್ ಹೇಳದಿದ್ದನ್ನು ಅವರು ಹೇಳುತ್ತಾರೆ.

ಇಷ್ಟು ಮಳೆ ಬಂದರೂ ಬೇಸಿಗೆಯ ಕೊನೆಗೆ ನೀರಿಗೆ ತತ್ವಾರ ಬರುವುದುಂಟು. ಊರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಮಳೆ ತಡವಾದ 2019ರಲ್ಲಿ ರೇಷನ್ ಮಾಡಿ ನೀರು ಬಿಟ್ಟಿದ್ದರು. ಕಾಂಪೌಂಡಿನಲ್ಲಿ ಬಾವಿ ಇದೆಯಾ, ಮೇ ತಿಂಗಳಲ್ಲಿ ಅದರಲ್ಲಿ ನೀರಿರುತ್ತದಾ ಕೇಳಿ. ಟೆರೇಸಿಗೆ ಶೀಟ್ ಹಾಕಿದ್ದಾರಾ ಅಂತಲೂ ನೋಡಿ. ಇಲ್ಲದಿದ್ದರೆ ಜುಲೈನಲ್ಲಿ ಮಗಳ ಯೂನಿಫಾರಂ ಒಣಗಿಸುವುದೇ ದೊಡ್ಡ ಕೆಲಸ. ಅಕ್ಕಪಕ್ಕ ಕಟ್ಟಡ ಕೆಲಸ ನಡೆದು ನೀರು ನಿಂತಿದ್ದರೆ ಆ ಮನೆ ಬಿಟ್ಟುಬಿಡಿ. ಮಲೇರಿಯಾ ಈ ಊರನ್ನು ಬಹಳ ವರ್ಷಗಳಿಂದ ಕಾಡಿದೆ.

ಅಣ್ಣನಿಗೆ ಇಷ್ಟು ಹೇಳಿ: ಒಂದು ಮಳೆಗಾಲ ಕಳೆಯದೆ ಈ ಊರಿನಲ್ಲಿ ಫ್ಲ್ಯಾಟ್ ಕೊಳ್ಳುವುದು ಬೇಡ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿ ಬಾಡಿಗೆಗೆ ಇರಿ.

ಇನ್ನು ಅತ್ತೆ. ಅವರ ಆಸೆಯನ್ನು ಹಗುರವಾಗಿ ತಗೊಳ್ಳಬೇಡಿ. ನೀವಿಬ್ಬರೂ ಬೆಳಗ್ಗೆ ಹೊರಟರೆ ಮನೆಯಲ್ಲಿ ಇಡೀ ದಿನ ಇರುವವರು ಅವರು. ಊರಿನ ಓಣಿ, ಪರಿಚಯದ ಮುಖಗಳು, ಮಧ್ಯಾಹ್ನದ ಮಾತು ಎಲ್ಲ ಬಿಟ್ಟು ನಿಮ್ಮ ಜೊತೆ ಬರುತ್ತಿದ್ದಾರೆ. ನಮ್ಮವರು ಬೇಕು ಅನ್ನುವುದರ ಹಿಂದೆ ಒಂಟಿಯಾಗುವ ಭಯ ಇದೆ. ಆ ಭಯಕ್ಕೆ ಉತ್ತರ ಕೊಡಿ. ಸುರತ್ಕಲ್‌ನ ಆ ನಾಲ್ಕೈದು ಮನೆಗಳಲ್ಲಿ ಹಗಲು ಹೊತ್ತು ಯಾರಿರುತ್ತಾರೆ ಅಂತ ಮೊದಲು ವಿಚಾರಿಸಿ. ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋಗುವವರೇ ಆದರೆ ಅತ್ತೆಗೆ ಅಲ್ಲೂ ಗೋಡೆಯೇ ಜೊತೆ. ಕಂಕನಾಡಿ ಕಡೆ ತರಕಾರಿ ಮಾರ್ಕೆಟ್, ಔಷಧಿ ಅಂಗಡಿ, ದೊಡ್ಡ ಆಸ್ಪತ್ರೆ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಆದರೆ ಮನೆಯಿಂದ ಮುಖ್ಯ ರಸ್ತೆಗೆ ಏರು ಇದೆಯಾ ನೋಡಿ. ಮಂಡಿ ನೋವಿನವರಿಗೆ ಆ ಏರು ಒಂದೇ ಸಾಕು, ಹೊರಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯೂ ಬೇಡ.

ಭಾಷೆಯ ಚಿಂತೆ ಬಿಡಲು ಹೇಳಿ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರ ಜೊತೆಗೂ ಇಲ್ಲಿ ಕನ್ನಡದಲ್ಲಿ ಮಾತಾಡಬಹುದು. ಅಂಗಡಿಯಲ್ಲಿ, ರಿಕ್ಷಾದಲ್ಲಿ, ಆಸ್ಪತ್ರೆಯಲ್ಲಿ ಕನ್ನಡ ಸಾಕು. ಪಕ್ಕದ ಮನೆಯವರನ್ನು ಒಂದು ದಿನ 'ಒಣಸ್ ಆಂಡಾ?' ಅಂತ ಊಟದ ಬಗ್ಗೆ ವಿಚಾರಿಸಿದರೆ ಅವರೇ ಒಳಗೆ ಕರೆದು ಕೂರಿಸುತ್ತಾರೆ. ಮೀನಿನ ವಾಸನೆ ಮಾತ್ರ ನೀವು ಸುರತ್ಕಲ್‌ಗೆ ಹೋದರೂ ತಪ್ಪುವುದಿಲ್ಲ, ಇದನ್ನು ಅತ್ತೆಗೆ ಈಗಲೇ ನೇರವಾಗಿ ಹೇಳಿಬಿಡಿ. ಮನೆ ನೋಡುವಾಗ ಅಡುಗೆಮನೆ ಕಿಟಕಿ ಪಕ್ಕದ ಫ್ಲ್ಯಾಟಿನ ಅಡುಗೆಮನೆಗೆ ಎದುರಾಗಿದೆಯಾ ಅಂತ ನೋಡಿಕೊಂಡರೆ ಅರ್ಧ ಸಮಸ್ಯೆ ಹೋಗುತ್ತದೆ. ಊರಿನವರನ್ನು ನೋಡಬೇಕು ಅನಿಸಿದ ಭಾನುವಾರ ಎಲ್ಲರೂ ಸುರತ್ಕಲ್‌ಗೆ ಹೋಗಿ, ಸಂಜೆ ಬೀಚ್ ನೋಡಿ ಬನ್ನಿ. ಇದನ್ನು ಪತಿಯೇ ಅವರ ಅಮ್ಮನಿಗೆ ಹೇಳಲಿ. ನೀವು ಹೇಳಿದರೆ ಸೊಸೆಯ ಹಟ ಅನಿಸುತ್ತದೆ, ಮಗ ಹೇಳಿದರೆ ಮನೆಯ ತೀರ್ಮಾನ ಅನಿಸುತ್ತದೆ.

ಮನೆಗಿಂತ ಮುಂಚೆ ಶಾಲೆ ನೋಡಿ. ಬೆಂದೂರು, ಕಂಕನಾಡಿ, ವೆಲೆನ್ಸಿಯಾ ಸುತ್ತ ಶಾಲೆಗಳು ಬೇಕಾದಷ್ಟಿವೆ, ಆದರೆ ಒಂದನೇ ಕ್ಲಾಸಿನ ಸೀಟು ಮೇ ತಿಂಗಳವರೆಗೆ ಕಾಯುವುದಿಲ್ಲ. ಈ ವಾರವೇ ಎರಡು ಮೂರು ಕಡೆ ಫೋನ್ ಮಾಡಿ. ಸೀಟು ಸಿಕ್ಕ ಶಾಲೆಯ ಸುತ್ತ, ಅತ್ತೆ ಮೊಮ್ಮಗಳ ಕೈಹಿಡಿದು ನಡೆದು ಬರುವಷ್ಟು ದೂರದಲ್ಲಿ ಮನೆ ಹುಡುಕಲು ಶುರು ಮಾಡಿ.