ಮಕ್ಕಳೊಂದಿಗೆ ಫ್ರಾನ್ಸಿನ ಆಲ್ಪ್ಸ್‌ಗೆ ಸ್ಕೀಯಿಂಗ್: ಇಂಗ್ಲೆಂಡಿನಿಂದ ಕಾರಿನಲ್ಲಿ ಹೋಗುವುದೋ, ವಿಮಾನದಲ್ಲೋ?

ರೆಡಿಂಗ್‌ನಲ್ಲಿರುವ ನೀವು ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳನ್ನು ಕರೆದುಕೊಂಡು ಫೆಬ್ರವರಿಯ ಹಾಫ್ ಟರ್ಮ್ ರಜೆಯಲ್ಲಿ ಮೊದಲ ಬಾರಿಗೆ ಸ್ಕೀಯಿಂಗ್‌ಗೆ ಹೊರಟಿದ್ದೀರಿ. ನಾಲ್ವರ ವಿಮಾನದ ದರ ನೋಡಿ ಗಾಬರಿಯಾಗಿ, ಮನೆಯ ಕಾರಿನಲ್ಲೇ ಹೋದರೆ ಹೇಗೆ ಎಂದು ಕೇಳಿದ್ದೀರಿ. ದೂರದ ದಾರಿಯಲ್ಲಿ ಕಾರು ಓಡಿಸಬಲ್ಲವರು ನೀವೊಬ್ಬರೇ ಎಂದೂ, ವಾಲ್ ತೊರಾನ್ಸ್ ಮತ್ತು ಮೊರ್ಜೀನ್ ಎರಡರಲ್ಲಿ ಯಾವ ಊರು ಎಂಬುದು ಇನ್ನೂ ನಿಶ್ಚಯವಾಗಿಲ್ಲವೆಂದೂ ಬರೆದಿದ್ದೀರಿ. ನಮ್ಮ ಮನೆಯವರೆಲ್ಲ ಸಾಮಾನ್ಯವಾಗಿ ಕಾರಿನಲ್ಲೇ ಹೋಗುವವರು, ಆ ದಾರಿ ನನಗೆ ಇಷ್ಟವೂ ಹೌದು. ಆದರೂ ನಿಮಗೆ ಹೇಳುವುದಾದರೆ, ಈ ಸಲ ವಿಮಾನದಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋಗಿ ಮೊರ್ಜೀನ್‌ನಲ್ಲೋ ಅದರ ಪಕ್ಕದ ಲೇ ಜೆಯಲ್ಲೋ ಉಳಿದುಕೊಳ್ಳುವುದೇ ಲೇಸು.

ಹೋಗುವ ಬಗೆಗಿಂತ ಮುಂಚೆ ಹೋಗುವ ಊರು ತೀರ್ಮಾನವಾಗಬೇಕು. ಬಹಳ ಮಂದಿ ಇದನ್ನು ತಿರುಗುಮುರುಗು ಮಾಡಿಕೊಂಡು ಆಮೇಲೆ ಪೇಚಾಡುತ್ತಾರೆ. ಮೊರ್ಜೀನ್ ಜಿನೀವಾ ವಿಮಾನ ನಿಲ್ದಾಣದಿಂದ ಸುಮಾರು 80 ಕಿ.ಮೀ. ದೂರದಲ್ಲಿದೆ, ರಸ್ತೆ ಸುಗಮವಾಗಿದ್ದರೆ ಒಂದೂವರೆ ಗಂಟೆಯಲ್ಲಿ ತಲುಪಬಹುದು. ವಾಲ್ ತೊರಾನ್ಸ್‌ಗೆ ಅದೇ ನಿಲ್ದಾಣದಿಂದ ಎರಡೂವರೆ-ಮೂರು ಗಂಟೆ ಹಿಡಿಯುತ್ತದೆ, ಅದರಲ್ಲೂ ಮೂತಿಯೆ ಪಟ್ಟಣ ದಾಟಿದ ಮೇಲಿನ ಸುಮಾರು 37 ಕಿ.ಮೀ. ಪೂರ್ತಿ ಬೆಟ್ಟದ ಏರುದಾರಿ. ವಾಲ್ ತೊರಾನ್ಸ್ 2300 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಹಿಮಕ್ಕೆ ಕೊರತೆಯಾಗುವುದು ಅಪರೂಪ, ಅದಕ್ಕಾಗಿಯೇ ಜನ ಅಷ್ಟು ದೂರ ಹೋಗುತ್ತಾರೆ. ಮೊರ್ಜೀನ್ ಇರುವುದು 1000 ಮೀಟರ್ ಎತ್ತರದಲ್ಲಿ, ಆದ್ದರಿಂದ ಊರೊಳಗೆ ಫೆಬ್ರವರಿಯಲ್ಲೂ ಹಿಮದ ಬದಲು ಮಳೆ ಸುರಿಯುವುದುಂಟು. ಆದರೆ ಅಲ್ಲಿಂದ ಕೇಬಲ್ ಕಾರು ಹತ್ತಿದರೆ 1800 ಮೀಟರ್ ಎತ್ತರದ ಅವೊರಿಯಾ ಸಿಗುತ್ತದೆ. ವಾಲ್ ತೊರಾನ್ಸ್ ಸೇರಿರುವ ತ್ರೀ ವ್ಯಾಲೀಸ್ ಪ್ರದೇಶದ 600 ಕಿ.ಮೀ. ಜಾರುದಾರಿಗಳು ಮೊದಲ ವಾರ ಕಲಿಯುವ ಮಗುವಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆ ಮಗು ವಾರವಿಡೀ ಬೀಳುತ್ತ ಏಳುತ್ತ ಇರುವುದು ಕಲಿಯುವವರಿಗೆಂದೇ ಬೇಲಿ ಹಾಕಿದ ಒಂದು ಸಣ್ಣ ಇಳಿಜಾರಿನಲ್ಲಿ, ಅಂಥದ್ದು ಎಲ್ಲ ಊರಿನಲ್ಲೂ ಇರುತ್ತದೆ.

ಇನ್ನು ರಸ್ತೆಯ ವಿಚಾರ. ರೆಡಿಂಗ್‌ನಿಂದ ಫೋಕ್‌ಸ್ಟನ್‌ಗೆ ಸುಮಾರು ಎರಡು ಗಂಟೆ. ಅಲ್ಲಿ ಕಾರನ್ನು ರೈಲಿನೊಳಗೆ ಹತ್ತಿಸಿದರೆ ಸುರಂಗದ ಮೂಲಕ 35 ನಿಮಿಷದಲ್ಲಿ ಕ್ಯಾಲೆ. ಡೋವರ್‌ನಿಂದ ಹಡಗಿನಲ್ಲಿ ಹೋದರೆ ಒಂದೂವರೆ ಗಂಟೆ, ಆದರೆ ಮಕ್ಕಳು ಕಾರಿನಿಂದ ಇಳಿದು ಓಡಾಡಬಹುದು. ಎರಡೂ ಕಡೆ ಫ್ರಾನ್ಸಿನ ಗಡಿ ತಪಾಸಣೆ ಇಂಗ್ಲೆಂಡಿನ ನೆಲದಲ್ಲೇ ಮುಗಿಯುತ್ತದೆ. ಕ್ಯಾಲೆಯಿಂದ ರೀಮ್ಸ್, ತ್ರ್ವಾ, ಡಿಜಾನ್ ಹಾದು ಆಲ್ಪ್ಸ್ ತಲುಪಲು 850ರಿಂದ 950 ಕಿ.ಮೀ. ಹೆದ್ದಾರಿಯಲ್ಲಿ ಗಂಟೆಗೆ 130 ಕಿ.ಮೀ. ವೇಗಕ್ಕೆ ಅವಕಾಶವಿದೆ, ಮಳೆ ಬರುತ್ತಿದ್ದರೆ 110. ಮಕ್ಕಳ ಶೌಚ, ಊಟ, ಇಂಧನ ಎಲ್ಲ ಸೇರಿಸಿದರೆ ಮನೆಯ ಬಾಗಿಲಿನಿಂದ ಹದಿನಾಲ್ಕು ಗಂಟೆಗೆ ಕಡಿಮೆಯಾಗುವುದಿಲ್ಲ, ಮತ್ತು ಅದರಲ್ಲಿ ಅತ್ಯಂತ ಕಷ್ಟದ ಭಾಗ ಕಟ್ಟಕಡೆಗೆ, ಕತ್ತಲಾದ ಮೇಲೆ ಬರುತ್ತದೆ. ಆಗುಂಬೆ ಘಾಟಿಯನ್ನು ರಾತ್ರಿ ಮಳೆಯಲ್ಲಿ ಹತ್ತಿದವರಿಗೆ ಅಂಥ ತಿರುವುಗಳು ಹೊಸತಲ್ಲ. ಆದರೆ ಅಲ್ಲಿ ಚಕ್ರದ ಕೆಳಗೆ ಮಂಜುಗಡ್ಡೆ ಇರುವುದಿಲ್ಲ, ಹನ್ನೆರಡು ಗಂಟೆ ಸ್ಟೀರಿಂಗ್ ಹಿಡಿದ ದಣಿವೂ ಇರುವುದಿಲ್ಲ. ಒಬ್ಬರೇ ಚಾಲಕರಿರುವ ಕುಟುಂಬ ಇದನ್ನು ಒಂದೇ ಹಗಲಿನಲ್ಲಿ ಮುಗಿಸಲು ಹೋಗಬಾರದು ಎಂಬ ವಿಷಯದಲ್ಲಿ ನನಗೆ ಎರಡನೆಯ ಮಾತಿಲ್ಲ. ತ್ರ್ವಾದಲ್ಲೋ ಡಿಜಾನ್‌ನಲ್ಲೋ ಒಂದು ರಾತ್ರಿ ತಂಗಲೇಬೇಕು, ಹಿಂದಿರುಗುವಾಗಲೂ ಅಷ್ಟೇ.

ಶನಿವಾರದ ಸಮಸ್ಯೆ ಬೇರೆಯೇ ಇದೆ. ಆಲ್ಪ್ಸ್‌ನ ಬಾಡಿಗೆ ಮನೆಗಳಲ್ಲಿ ಹೆಚ್ಚಿನವು ಶನಿವಾರದಿಂದ ಶನಿವಾರಕ್ಕೆ ಸಿಗುತ್ತವೆ, ಆದ್ದರಿಂದ ಒಂದು ವಾರದ ಜನ ಇಳಿಯುವ ಹೊತ್ತಿಗೇ ಇನ್ನೊಂದು ವಾರದ ಜನ ಹತ್ತುತ್ತಿರುತ್ತಾರೆ. ಫ್ರಾನ್ಸಿನ ಶಾಲೆಗಳಿಗೆ ಚಳಿಗಾಲದ ರಜೆಯನ್ನು ಎ, ಬಿ, ಸಿ ಎಂಬ ಮೂರು ವಲಯಗಳಾಗಿ ವಿಂಗಡಿಸಿ ಕೊಡುವುದೇ ಈ ದಟ್ಟಣೆಯನ್ನು ಹಂಚುವುದಕ್ಕೆ. ಆದರೂ ಪ್ಯಾರಿಸ್ ಇರುವ ಸಿ ವಲಯದ ರಜೆಯೂ ಇಂಗ್ಲೆಂಡಿನ ಹಾಫ್ ಟರ್ಮ್ ರಜೆಯೂ ಒಟ್ಟಿಗೆ ಬಿದ್ದರೆ ವಾಲ್ ತೊರಾನ್ಸ್ ದಾರಿಯಲ್ಲಿ ಆಲ್ಬರ್ಟ್‌ವಿಲ್‌ನಿಂದ ಮೂತಿಯೆ ತನಕ ಕಾರುಗಳು ತೆವಳುತ್ತವೆ. ಫ್ರಾನ್ಸ್ ಸರ್ಕಾರದ ಬಿಸೋನ್ ಫ್ಯುತೆ ಎಂಬ ಸಂಚಾರ ಮಾಹಿತಿ ಸೇವೆಯು ಪ್ರತಿ ದಿನಕ್ಕೂ ಹಸಿರು, ಕಿತ್ತಳೆ, ಕೆಂಪು, ಕಪ್ಪು ಎಂದು ದಟ್ಟಣೆಗೆ ತಕ್ಕ ಬಣ್ಣ ಕೊಟ್ಟು ವರ್ಷದ ಪಟ್ಟಿಯನ್ನು ಮುಂಚೆಯೇ ಪ್ರಕಟಿಸುತ್ತದೆ. ದಿನಾಂಕ ನಿಗದಿ ಮಾಡುವ ಮೊದಲು ಅದನ್ನೊಮ್ಮೆ ನೋಡಿ. ಕಪ್ಪು ಬಣ್ಣದ ಶನಿವಾರ ನಿಮ್ಮ ಪಾಲಿಗೆ ಬಂದಿದ್ದರೆ ನನ್ನ ಮಾತು ಅರ್ಥವಾಗುತ್ತದೆ.

ಟೋಲ್ ವಿಷಯದಲ್ಲಿ ಒಂದು ಸಣ್ಣ ತೊಡಕು. ನಮ್ಮ ಕಾರುಗಳ ಸ್ಟೀರಿಂಗ್ ಬಲಗಡೆ, ಫ್ರಾನ್ಸಿನ ಟೋಲ್ ಯಂತ್ರಗಳು ಎಡಗಡೆ. ಹಾಗಾಗಿ ಚೀಟಿ ಎಳೆದುಕೊಳ್ಳುವ, ಕಾರ್ಡ್ ತೋರಿಸುವ ಕೆಲಸವೆಲ್ಲ ಪಕ್ಕದಲ್ಲಿ ಕೂತವರದು. ನಮ್ಮ ಮನೆಯಲ್ಲಿ ಅದು ನನ್ನ ಹೆಂಡತಿಯ ಹೊಣೆ: ಕಿಟಕಿ ಇಳಿಸಿ, ಕೈಗವಸು ಕಳಚಿ, ಸೀಟ್ ಬೆಲ್ಟ್ ಎಳೆದಷ್ಟೂ ಮುಂದಕ್ಕೆ ಬಾಗಿ ಆಕೆ ಚೀಟಿ ಹಿಡಿಯುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಮಲಗಿದ್ದ ಮಕ್ಕಳು ಚಳಿಗೆ ಎದ್ದು ಕೂತಿರುತ್ತಾರೆ. ಗಾಜಿಗೆ ಅಂಟಿಸುವ ಟ್ಯಾಗ್ ಒಂದನ್ನು ಮುಂಚಿತವಾಗಿ ಅಂಚೆಯಲ್ಲಿ ತರಿಸಿಕೊಂಡರೆ ಈ ಪಾಡು ತಪ್ಪುತ್ತದೆ.

ಚಳಿಗಾಲದ ಕಾನೂನನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 2021ರ ನವೆಂಬರ್‌ನಿಂದ ಫ್ರಾನ್ಸಿನ ಗುಡ್ಡಗಾಡು ಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರ ತನಕ ಕಾರಿಗೆ ಚಳಿಗಾಲದ ಟೈರ್ ಇರಬೇಕು, ಇಲ್ಲವೇ ಚೈನ್ ಅಥವಾ ಚಕ್ರಕ್ಕೆ ತೊಡಿಸುವ ಬಟ್ಟೆಯ ಹೊದಿಕೆ ಕಾರಿನಲ್ಲಿರಬೇಕು. ಟೈರಿನ ಮೇಲೆ ಮೂರು ಶಿಖರದ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರಬೇಕು; ಬರಿಯ ‘ಎಂ+ಎಸ್’ ಅಕ್ಷರಗಳಿರುವ ಟೈರು 2024ರ ನವೆಂಬರ್‌ನಿಂದ ಸಾಲದು. ಇಂಗ್ಲೆಂಡಿನಲ್ಲಿ ಹೆಚ್ಚಿನ ಕಾರುಗಳು ಬೇಸಿಗೆಯ ಟೈರಿನಲ್ಲೇ ವರ್ಷವಿಡೀ ಓಡುವುದರಿಂದ ನಿಮ್ಮ ಪಾಲಿಗೆ ಚೈನ್ ಖಚಿತ. ಅದನ್ನು ಎಂಜಿನ್ ಯಾವ ಚಕ್ರಗಳನ್ನು ತಿರುಗಿಸುತ್ತದೆಯೋ ಆ ಚಕ್ರಗಳಿಗೆ ಹಾಕಬೇಕು, ಮತ್ತು ಹಾಕುವ ಅಭ್ಯಾಸ ಮನೆಯ ಮುಂದೆ ಬೆಳಕಿದ್ದಾಗಲೇ ಆಗಿರಬೇಕು. ರಸ್ತೆಯಂಚಿನ ಕೆಸರುಹಿಮದಲ್ಲಿ ಮಂಡಿಯೂರಿ, ಬೆರಳು ಮರಗಟ್ಟಿರುವಾಗ ಕೈಪಿಡಿ ಓದುವುದು ಆಗದ ಕೆಲಸ. ಇದರ ಮೇಲೆ ಅಪಾಯಸೂಚಕ ತ್ರಿಕೋನ, ಹೊಳೆಯುವ ಅಂಗಿಗಳು, ಹೆಡ್‌ಲೈಟಿಗೆ ಅಂಟುಪಟ್ಟಿ, ‘ಯುಕೆ’ ಎಂಬ ಚೀಟಿ, ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲೂ ಹೆಪ್ಪುಗಟ್ಟದ ಗಾಜು ತೊಳೆಯುವ ದ್ರವ. ಡೀಸೆಲ್ ಕಾರಾದರೆ ಬೆಟ್ಟ ಹತ್ತುವ ಮುಂಚೆ ಅಲ್ಲಿನ ಚಳಿಗಾಲದ ಡೀಸೆಲನ್ನೇ ತುಂಬಿಸಬೇಕು. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ವೈಪರ್‌ಗಳನ್ನು ಎತ್ತಿ ನಿಲ್ಲಿಸುವುದು ಅಲ್ಲಿನವರ ರೂಢಿ, ಇಲ್ಲವಾದರೆ ಎರಡೂ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತವೆ.

ಹಣದ ಲೆಕ್ಕಕ್ಕೆ ಬರೋಣ, ನಿಮ್ಮ ಪ್ರಶ್ನೆ ಹುಟ್ಟಿದ್ದೇ ಅಲ್ಲಿ. ಹೋಗಿ ಬರುವುದಕ್ಕೆ ಎಲ್ಲ ಸೇರಿ ಸುಮಾರು 2200 ಕಿ.ಮೀ. ಎಂದಿಟ್ಟುಕೊಳ್ಳಿ, ತುಂಬಿದ ಕಾರು ನೂರು ಕಿಲೋಮೀಟರಿಗೆ 7 ಲೀಟರ್ ಕುಡಿದರೂ 150 ಲೀಟರ್ ದಾಟುತ್ತದೆ. ಟೋಲ್ ಒಂದು ಬದಿಗೆ ಸುಮಾರು 80 ಯೂರೊ. ಸುರಂಗದ ದರವೂ ರಜೆಯ ವಾರದಲ್ಲಿ ಏರುತ್ತದೆ ಎಂಬುದನ್ನು ಜನ ಮರೆಯುತ್ತಾರೆ. ಎರಡು ರಾತ್ರಿಯ ಹೋಟೆಲ್, ಚೈನ್, ಯುರೋಪಿನಲ್ಲಿ ಕಾರು ಕೆಟ್ಟರೆ ನೆರವಾಗುವ ವಿಮೆ, ಬೆಟ್ಟದ ಮೇಲೆ ವಾರದ ಪಾರ್ಕಿಂಗ್, ಇವೆಲ್ಲ ಕೂಡಿದ ಮೇಲೂ ನಾಲ್ವರಿಗೆ ಕಾರೇ ಅಗ್ಗವಾಗಬಹುದು. ಆದರೆ ಟಿಕೆಟ್ ದರ ನೋಡಿದ ಕ್ಷಣದಲ್ಲಿ ಕಾಣುವಷ್ಟು ಅಗ್ಗವಾಗುವುದಿಲ್ಲ. ಸ್ಕೀ ಸಾಮಾನು ಹೊತ್ತೊಯ್ಯಲು ಕಾರೇ ಬೇಕು ಎಂಬ ವಾದ ಹೊಸಬರಿಗೆ ಅನ್ವಯಿಸುವುದೇ ಇಲ್ಲ. ಸ್ಕೀ, ಬೂಟು, ಹೆಲ್ಮೆಟ್ ಮೂರನ್ನೂ ಅಲ್ಲೇ ಬಾಡಿಗೆಗೆ ಪಡೆಯಬೇಕು, ಬೂಟು ಕಾಲಿಗೆ ಹಿಡಿಯದಿದ್ದರೆ ಮರುದಿನವೇ ಬದಲಾಯಿಸಿಕೊಳ್ಳಬಹುದು.

ಕಾರು ನಿಜವಾಗಿ ಉಪಯೋಗಕ್ಕೆ ಬರುವುದು ಅಡುಗೆಮನೆಯ ಮಟ್ಟಿಗೆ, ಅದರಲ್ಲೂ ನಿಮ್ಮಂತೆ ಸಸ್ಯಾಹಾರಿಗಳಾದವರಿಗೆ. ಆಲ್ಪ್ಸ್‌ನ ಹೋಟೆಲುಗಳಲ್ಲಿ ಸಸ್ಯಾಹಾರವೆಂದರೆ ಚೀಸ್, ಮತ್ತೆ ಚೀಸ್. ಮೂರನೆಯ ದಿನಕ್ಕೆ ಮಕ್ಕಳು ತಿಳಿಸಾರು ಅನ್ನ ಕೇಳುತ್ತಾರೆ. ಕಾರಿನಲ್ಲಿ ಸೋನಾ ಮಸೂರಿ, ತೊಗರಿಬೇಳೆ, ಅವಲಕ್ಕಿ, ರವೆ, ಸಾರಿನ ಪುಡಿ, ಕುಕ್ಕರ್ ಎಲ್ಲವನ್ನೂ ತೂಕದ ಚಿಂತೆಯಿಲ್ಲದೆ ತುಂಬಬಹುದು. ಕುಕ್ಕರ್ ವಾಲ್ ತೊರಾನ್ಸ್‌ನಂಥ ಎತ್ತರದಲ್ಲಿ ಅನಿವಾರ್ಯವೇ ಸರಿ, ಏಕೆಂದರೆ 2300 ಮೀಟರ್ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತಾದರೂ ಕಲ್ಲಿನಂತೆಯೇ ಉಳಿಯುತ್ತದೆ. ಆದರೆ ಬ್ರೆಕ್ಸಿಟ್ ಆದ ಮೇಲೆ ಇಂಗ್ಲೆಂಡಿನಿಂದ ಯುರೋಪಿಯನ್ ಒಕ್ಕೂಟಕ್ಕೆ ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ಅಂದರೆ ಮೊಸರನ್ನವೂ ಇಲ್ಲ, ತುಪ್ಪದ ಡಬ್ಬಿಯೂ ಇಲ್ಲ. ಹಸಿ ತರಕಾರಿ, ಸೊಪ್ಪಿಗೂ ಪ್ರಮಾಣಪತ್ರ ಬೇಕಾದ್ದರಿಂದ ಕರಿಬೇವಿನ ಕಟ್ಟನ್ನೂ ಮನೆಯಲ್ಲೇ ಬಿಡಬೇಕು. ವಿನಾಯಿತಿಯಿರುವ ಕೆಲವೇ ಹಣ್ಣುಗಳಲ್ಲಿ ಬಾಳೆಹಣ್ಣು ಮತ್ತು ತೆಂಗಿನಕಾಯಿ ಸೇರಿವೆ ಎಂಬುದು ನಮ್ಮವರ ಅದೃಷ್ಟ. ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ತಿನ್ನುವುದಕ್ಕೆ ಪುಳಿಯೋಗರೆಗಿಂತ ಒಳ್ಳೆಯದು ನನಗೆ ಕಂಡಿಲ್ಲ: ಕೆಡುವುದಿಲ್ಲ, ಹಾಲಿನಂಶವಿಲ್ಲ, ತಣ್ಣಗಾದರೂ ರುಚಿ ಕೆಡದು. ವಿಮಾನದಲ್ಲಿ ಹೋದರೂ ಒಣ ಸಾಮಾನು ಮತ್ತು ಸಣ್ಣ ಕುಕ್ಕರ್ ದೊಡ್ಡ ಪೆಟ್ಟಿಗೆಯಲ್ಲಿ ಹಿಡಿಸುತ್ತವೆ. ಬೆಣ್ಣೆ, ಮೊಸರು, ತರಕಾರಿ ಅಲ್ಲಿಯ ಅಂಗಡಿಯಲ್ಲೇ ಸಿಗುತ್ತವೆ, ಬೆಣ್ಣೆ ಕಾಯಿಸಿದರೆ ತುಪ್ಪ.

ಊರು ತಲುಪಿದ ಮೇಲೆ ಕಾರಿಗೆ ಕೆಲಸವೇ ಇರುವುದಿಲ್ಲ. ಅವೊರಿಯಾದ ಬೀದಿಗಳಲ್ಲಂತೂ ಕಾರಿಗೆ ಪ್ರವೇಶವೇ ಇಲ್ಲ. ಊರ ಬಾಗಿಲಲ್ಲಿ ನಿಲ್ಲಿಸಿ ಕುದುರೆ ಎಳೆಯುವ ಜಾರುಬಂಡಿಯಲ್ಲೋ ಕಾಲ್ನಡಿಗೆಯಲ್ಲೋ ಒಳಗೆ ಹೋಗಬೇಕು. ಮೊರ್ಜೀನ್‌ನಲ್ಲಿ ಬಸ್ಸು ಇದೆ.

ವಿಮಾನದಲ್ಲಿ ಹೋಗುವುದಾದರೆ ಶನಿವಾರದ ಬದಲು ಭಾನುವಾರದಿಂದ ಬಾಡಿಗೆಗೆ ಕೊಡುವ ಮನೆಗಳನ್ನು ಹುಡುಕಿ, ದರದಲ್ಲೂ ದಾರಿಯ ದಟ್ಟಣೆಯಲ್ಲೂ ವ್ಯತ್ಯಾಸ ಕಾಣುತ್ತದೆ. ಜಿನೀವಾ ನಿಲ್ದಾಣದಿಂದ ಹಂಚಿಕೆಯ ವ್ಯಾನಿನಲ್ಲಿ ಸೀಟು ಕಾಯ್ದಿರಿಸಿ, ಮಕ್ಕಳ ವಯಸ್ಸಿಗೆ ತಕ್ಕ ಸುರಕ್ಷತಾ ಸೀಟು ಬೇಕೆಂದು ಆಗಲೇ ತಿಳಿಸಿಬಿಡಿ. ಅಲ್ಲಿ ಕಾರು ಬಾಡಿಗೆಗೆ ತೆಗೆದುಕೊಳ್ಳುವ ಮನಸ್ಸಿದ್ದರೆ ನಿಲ್ದಾಣಕ್ಕೆ ಸ್ವಿಸ್ ಬದಿ, ಫ್ರೆಂಚ್ ಬದಿ ಎಂದು ಎರಡು ಭಾಗಗಳಿವೆ ಎಂಬುದು ನೆನಪಿರಲಿ. ಫ್ರೆಂಚ್ ಬದಿಯಲ್ಲಿ ಬಾಡಿಗೆ ಕಡಿಮೆ ಎನಿಸಿದರೂ ಚಳಿಗಾಲದ ಟೈರ್ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ, ಆ ಕಾರಿನಲ್ಲಿ ಸ್ವಿಸ್ ಹೆದ್ದಾರಿಗೆ ಇಳಿದರೆ 40 ಫ್ರಾಂಕಿನ ವಿನ್ಯೆಟ್, ಅಂದರೆ ಹೆದ್ದಾರಿ ಶುಲ್ಕದ ಪರವಾನಗಿ, ಬೇಕಾಗುತ್ತದೆ. ಮಕ್ಕಳ ಒಂದೊಂದು ಜೊತೆ ಥರ್ಮಲ್, ಕೈಗವಸು, ಹಿಮದ ಪ್ಯಾಂಟು ಕೈಚೀಲದಲ್ಲಿರಲಿ, ಪೆಟ್ಟಿಗೆ ತಡವಾಗಿ ಬಂದರೂ ಸೋಮವಾರ ಬೆಳಗಿನ ತರಗತಿ ತಪ್ಪಬಾರದು.

ನಿಮ್ಮ ಮನೆಯವರು ಮೋಟರ್‌ವೇಯಲ್ಲಿ ಕಾರು ಓಡಿಸಲು ರೂಢಿ ಮಾಡಿಕೊಂಡ ಮೇಲೆ, ಮಕ್ಕಳಿಗೆ ಸ್ವಂತ ಸ್ಕೀ ಬಂದ ಮೇಲೆ, ಈಸ್ಟರ್ ರಜೆಯಲ್ಲಿ ಎತ್ತರದ ಊರು ಹುಡುಕಬೇಕಾದಾಗ ಕಾರೇ ಸರಿ. ಆಗ ವಾಲ್ ತೊರಾನ್ಸ್‌ಗೂ ಅರ್ಥವಿರುತ್ತದೆ, ದಾರಿಯೂ ಪ್ರವಾಸದ ಒಂದು ಭಾಗವಾಗುತ್ತದೆ.

ಕೊನೆಗೆ ಕಾಗದಪತ್ರ. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ, ಜಿನೀವಾದಲ್ಲಿ ಇಳಿದರೂ ಉಳಿಯುವುದು ಫ್ರಾನ್ಸಿನಲ್ಲಾದ್ದರಿಂದ, ಎರಡೂ ದೇಶಗಳಿಗೆ ಸಲ್ಲುವ ಶೆಂಗೆನ್ ವೀಸಾಕ್ಕೆ ಫ್ರಾನ್ಸಿಗೇ ಅರ್ಜಿ ಹಾಕಬೇಕು. ದೊಡ್ಡವರಿಗೆ 90 ಯೂರೊ, ಆರು ವರ್ಷ ತುಂಬಿ ಹನ್ನೆರಡರೊಳಗಿನ ಮಗುವಿಗೆ 45, ಆರರ ಕೆಳಗಿನ ಮಗುವಿಗೆ ಶುಲ್ಕವಿಲ್ಲ; ಅರ್ಜಿ ಕೇಂದ್ರದ ಶುಲ್ಕ ಬೇರೆ. ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಲು ಅವಕಾಶವಿದೆ. ಬ್ರಿಟನ್ನಿನ ಆರೋಗ್ಯ ಕಾರ್ಡಾದ ಜಿಎಚ್ಐಸಿ ಫ್ರಾನ್ಸಿನ ಸರ್ಕಾರಿ ಆಸ್ಪತ್ರೆಯ ಖರ್ಚಿಗೆ ನೆರವಾಗುತ್ತದೆ, ಇಳಿಜಾರಿನಿಂದ ಎತ್ತಿ ತರುವ ಖರ್ಚಿಗೆ ಸಾಲದು. ಅದಕ್ಕೆ ಸ್ಕೀ ಪಾಸಿನ ಜೊತೆಗೇ ದಿನದ ಲೆಕ್ಕದಲ್ಲಿ ಮಾರುವ ಕಾರ್ರೆ ನೇಜ್‌ನಂಥ ವಿಮೆಯನ್ನೋ ಚಳಿಗಾಲದ ಕ್ರೀಡೆಗಳನ್ನು ಒಳಗೊಂಡ ಪ್ರವಾಸ ವಿಮೆಯನ್ನೋ ಮಾಡಿಸಿ. ಮೊದಲು ರದ್ದುಮಾಡಬಹುದಾದ ಮನೆ, ಆಮೇಲೆ ವೀಸಾ ಅಪಾಯಿಂಟ್‌ಮೆಂಟ್. ಹಣ ವಾಪಸಾಗದ ವಿಮಾನದ ಟಿಕೆಟನ್ನು ಅಪಾಯಿಂಟ್‌ಮೆಂಟಿನ ದಿನಾಂಕ ಕೈಗೆ ಸಿಗುವ ತನಕ ಕೊಳ್ಳಬೇಡಿ.