ರನ್‌ವೇ ಕಟ್ಟಿಸಿದ ಸೇನಾನಿ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಮರೀನ್ (ಹಡಗಿನಿಂದ ದಡಕ್ಕಿಳಿದು ಕಾದುವ ಪಡೆ) ಜನರಲ್ ಆಲಿವರ್ ಪಿ. ಸ್ಮಿತ್ ಬಗ್ಗೆ ದೀರ್ಘ ಲೇಖನ ಪ್ರಕಟಿಸಿದ್ದೀರಿ. 1950ರಲ್ಲಿ ಕೊರಿಯಾದ ಚೋಸಿನ್ ಜಲಾಶಯದಿಂದ ಹಿಂದೆ ಸರಿದವರಲ್ಲವೇ ಅವರು? ಮುನ್ನುಗ್ಗುವವನೇ ಸೇನಾನಿ. ಆ ಯುದ್ಧದ ಸರ್ವೋಚ್ಚ ದಂಡನಾಯಕ ಮ್ಯಾಕಾರ್ಥರ್ ಬಗ್ಗೆ ಬರೆಸಬಾರದಿತ್ತೇ?
– ನಿವೃತ್ತ ಇತಿಹಾಸ ಅಧ್ಯಾಪಕ, ಹಾಸನ

ಸಂಪಾದಕರ ಉತ್ತರ: ಮ್ಯಾಕಾರ್ಥರ್ ಅವರ ಎದೆಗಾರಿಕೆಯನ್ನು ಅಲ್ಲಗಳೆಯಲಾರೆ. ಇಂಚಾನ್ ಬಂದರಿನಲ್ಲಿ ಸೇನೆ ಇಳಿಸುವುದು ಬೇಡವೆಂದು ಹಿರಿಯ ಅಧಿಕಾರಿಗಳು ಹಿಂಜರಿದಾಗ ಅವರು ಪಟ್ಟು ಹಿಡಿದರು, ಗೆದ್ದರು. ಆದರೆ ಮೇಷ್ಟ್ರೇ, 1950ರ ಸೆಪ್ಟೆಂಬರ್ 15ರಂದು ಆ ದಡಕ್ಕೆ ಇಳಿದ ಒಂದನೇ ಮರೀನ್ ಡಿವಿಷನ್‌ನ ಮುಖ್ಯಸ್ಥರು ಇದೇ ಸ್ಮಿತ್. ಇದನ್ನು ನಿಮ್ಮಂಥ ಓದುಗರೇ ಮರೆತರೆ ಯಾರಿಗೆ ಹೇಳೋಣ?

ಪೈಪ್ ಸೇದುತ್ತಾ ಮೆಲುದನಿಯಲ್ಲಿ ಮಾತನಾಡುತ್ತಿದ್ದ ಅವರನ್ನು ಜೊತೆಯವರು ‘ಪ್ರೊಫೆಸರ್’ ಎನ್ನುತ್ತಿದ್ದರು. 1930ರ ದಶಕದಲ್ಲಿ ಪ್ಯಾರಿಸ್‌ನ ಯುದ್ಧ ಕಾಲೇಜಿನಲ್ಲಿ ಓದಿದವರು. 1944ರಲ್ಲಿ ಜಪಾನೀಯರ ವಶದಲ್ಲಿದ್ದ ಪೆಲೆಲಿಯು ದ್ವೀಪದ ದಾಳಿಯಲ್ಲಿ ಇದೇ ಡಿವಿಷನ್‌ನ ಉಪಮುಖ್ಯಸ್ಥರಾಗಿದ್ದರು. ಕೆಲವೇ ದಿನಗಳಲ್ಲಿ ಕೆಲಸ ಮುಗಿಯುತ್ತದೆ ಎಂದು ಅಂದಿನ ಮುಖ್ಯಸ್ಥ ರೂಪರ್ಟಸ್ ಭರವಸೆ ಕೊಟ್ಟಿದ್ದರು. ಆ ಕದನ ಎರಡು ತಿಂಗಳು ದಾಟಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ನಮ್ಮ ಗಾದೆಗೆ ಇದಕ್ಕಿಂತ ದುಬಾರಿ ಸಾಕ್ಷಿ ಬೇಕೇ?

ಇನ್ನು ಚೋಸಿನ್. ಚೀನಾ ಗಡಿಯ ಯಾಲು ನದಿಯವರೆಗೆ ಓಡಿ ಎಂದು ಮೇಲಧಿಕಾರಿ ಆಲ್ಮಂಡ್ ಅವಸರಿಸುತ್ತಿದ್ದರು. ಸ್ಮಿತ್ ಬೇಕೆಂದೇ ನಿಧಾನವಾಗಿ ನಡೆದರು. ನವೆಂಬರ್ 15ರಂದು ಮರೀನ್ ಪಡೆಯ ಮುಖ್ಯಸ್ಥ ಕೇಟ್ಸ್ ಅವರಿಗೆ ಪತ್ರ ಬರೆದು, ಎಡಭಾಗ ಪೂರ್ತಿ ತೆರೆದುಕೊಂಡಿದೆ, ಒಂದೇ ಒಂದು ಬೆಟ್ಟದ ರಸ್ತೆಯ ಉದ್ದಕ್ಕೂ ಡಿವಿಷನ್ನನ್ನು ಹರಡುವುದು ತಮಗೆ ಒಪ್ಪಿಗೆಯಿಲ್ಲ ಎಂದು ತಿಳಿಸಿದರು. ದಾರಿಯುದ್ದಕ್ಕೂ ಮದ್ದುಗುಂಡು, ಆಹಾರ ಕೂಡಿಟ್ಟರು. ಜಲಾಶಯದ ದಕ್ಷಿಣ ತುದಿಯ ಹಗಾರು-ರಿಯಲ್ಲಿ ಗಾಯಾಳುಗಳನ್ನು ಸಾಗಿಸಲು ರನ್‌ವೇ ಬೇಕೆಂದಾಗ, ಯಾವ ಗಾಯಾಳುಗಳು ಎಂದು ಆಲ್ಮಂಡ್ ಕೇಳಿದರಂತೆ! ಸ್ಮಿತ್ ತಮ್ಮ ಇಂಜಿನಿಯರುಗಳಿಂದಲೇ ಹೆಪ್ಪುಗಟ್ಟಿದ ನೆಲವನ್ನು ಅಗೆಸಿದರು.

ನವೆಂಬರ್ 27ರ ರಾತ್ರಿ ಚೀನೀ ಸೇನೆ ಮುಗಿಬಿದ್ದಿತು. ಸುಮಾರು 30,000 ಮಂದಿಯ ಎದುರು ಲಕ್ಷ ಮೀರಿದ ಸೈನ್ಯ, ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ. ಹತ್ತಿಯ ಕೋಟು, ತೆಳು ಬೂಟುಗಳಲ್ಲಿ ಬಂದ ಚೀನೀ ಸೈನಿಕರೂ ಸಾವಿರಾರು ಸಂಖ್ಯೆಯಲ್ಲಿ ಮರಗಟ್ಟಿ ಸತ್ತರು. ಡಿಸೆಂಬರ್ 1ರಂದು ಅರ್ಧವೂ ಮುಗಿಯದ ಆ ರನ್‌ವೇಯಲ್ಲಿ ವಿಮಾನ ಇಳಿಯಿತು. ಒಂದು ವಾರದೊಳಗೆ ನಾಲ್ಕು ಸಾವಿರಕ್ಕೂ ಹೆಚ್ಚು ಗಾಯಾಳುಗಳು ಅಲ್ಲಿಂದ ಪಾರಾದರು. ಅಷ್ಟು ಜನ ತಾಯಂದಿರಿಗೆ ಮಗ ಉಳಿದದ್ದು ಒಬ್ಬ ಮನುಷ್ಯನ ಮುಂಜಾಗ್ರತೆಯಿಂದ. ಇದನ್ನು ನೀವು ಹಿಂದೆ ಸರಿದದ್ದು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೀರಿ.

ಮುಂದೆ, ಕಡಲಿನತ್ತ ಮರಳುವ ದಾರಿಯಲ್ಲಿ, ಫಂಚಿಲಿನ್ ಕಣಿವೆಯ ಸೇತುವೆಯನ್ನು ಶತ್ರು ಒಡೆದಿದ್ದ. ಒಂದೊಂದೂ ಟನ್ನಿಗೆ ಮೀರಿದ ಎಂಟು ಉಕ್ಕಿನ ತುಂಡುಗಳನ್ನು ಪ್ಯಾರಾಚೂಟ್‌ನಲ್ಲಿ ಇಳಿಸಿ ಹೊಸ ಸೇತುವೆ ಜೋಡಿಸಿದರು. ಸ್ಮಿತ್ ಅನುಮಾನದಿಂದ ಕೇಳಿದಾಗ ಇಂಜಿನಿಯರ್ ಪಾರ್ಟ್ರಿಜ್, ಹಾನ್ ನದಿ ದಾಟಿಸಿದ್ದೇನೆ, ರನ್‌ವೇ ಕೊಟ್ಟಿದ್ದೇನೆ, ಸೇತುವೆಯನ್ನೂ ಕೊಡುತ್ತೇನೆ ಎಂದು ಗೊಣಗಿದರು. ಹುಂಗ್ನಾಮ್ ಬಂದರಿನಿಂದ ಸೈನಿಕರ ಜೊತೆ ತೊಂಬತ್ತು ಸಾವಿರಕ್ಕೂ ಹೆಚ್ಚು ಕೊರಿಯನ್ ನಾಗರಿಕರೂ ಹಡಗು ಹತ್ತಿದರು. ಸ್ಮಿತ್ 1955ರಲ್ಲಿ ನಿವೃತ್ತರಾಗಿ 1977ರಲ್ಲಿ ತೀರಿಕೊಂಡರು.

ನನ್ನ ಸಂಕಟ ನಿಮ್ಮೊಬ್ಬರ ಪತ್ರದ್ದಲ್ಲ. ನಮ್ಮ ಮೇಜಿಗೆ ಬರುವ ಯುದ್ಧ ಲೇಖನಗಳಲ್ಲಿ ಖಡ್ಗ ಝಳಪಿಸುತ್ತದೆ, ಕುದುರೆ ಕೆನೆಯುತ್ತದೆ. ಅನ್ನ ಬೇಯಿಸಿದವರು, ರಸ್ತೆ ಕಡಿದವರು, ಲೆಕ್ಕ ಬರೆದವರು ಎಲ್ಲಿಯೂ ಇಲ್ಲ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರನ್ನೇ ನೋಡಿ. 1948ರಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆದಾರಿ ಏರಿದ ಅವರ ಟ್ಯಾಂಕುಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಐದು ವರ್ಷಗಳ ನಂತರ ಅದೇ ಕೊರಿಯಾದಲ್ಲಿ, ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ, ಊರಿಗೆ ಮರಳಲು ಒಪ್ಪದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು ತಾಳ್ಮೆಯಿಂದ ನಿಭಾಯಿಸಿದ ಕತೆಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಅಧ್ಯಾಪಕರಾಗಿದ್ದವರು, ಚೆನ್ನಾಗಿ ಬರೆಯುತ್ತೀರಿ. ಪತ್ರದ ಅಕ್ಷರವೇ ಹೇಳುತ್ತದೆ. ತಿಮ್ಮಯ್ಯನವರ ಆ ಕೊರಿಯಾ ದಿನಗಳ ಬಗ್ಗೆ ನೀವೇ ಒಂದು ಲೇಖನ ಕಳುಹಿಸಿ. ಪುಟಗಳನ್ನು ಕಾದಿರಿಸುತ್ತೇನೆ. ಕೈದಿಗಳ ಶಿಬಿರದ ನಕ್ಷೆಯೊಂದು ಜೊತೆಗಿರಲಿ, ಟ್ಯಾಂಕಿನ ಚಿತ್ರ ಬೇಡ.