ಸಿಮೆಂಟ್ ಇಲ್ಲದ ಸೊಂಟದ ಕೀಲು ಸಡಿಲವಾಗುತ್ತದಾ?

ಪ್ರಶ್ನೆ: ನನಗೆ 54 ವರ್ಷ. 11 ವರ್ಷದ ಹಿಂದೆ ಬಲಗಡೆ ಸೊಂಟದ ಕೀಲು ಬದಲಿಸಿದ್ದಾರೆ, ಸಿಮೆಂಟ್ ಹಾಕಿಲ್ಲ. ನೋವಿಲ್ಲ, ಚೆನ್ನಾಗಿ ನಡೆಯುತ್ತೇನೆ. ಆದರೂ ಅಂಟಿಸದೇ ಇರುವ ಕೀಲು ಒಂದು ದಿನ ಸಡಿಲವಾದರೆ ಅನ್ನೋ ಭಯ. ನೋವಿಲ್ಲದಿದ್ದರೂ ಎಕ್ಸ್‌ರೇ ಬೇಕಾ?

ಉತ್ತರ: ನಿಮ್ಮ ಕೀಲನ್ನು ಹಿಡಿದಿರುವುದು ನಿಮ್ಮದೇ ಮೂಳೆ. ತೊಡೆಮೂಳೆಯೊಳಗಿನ ಟೈಟಾನಿಯಂ ಕಡ್ಡಿಯ ಮೇಲ್ಮೈ ಒರಟಾಗಿರುತ್ತದೆ. ಆಪರೇಷನ್ ದಿನ ಅದನ್ನು ಬಿಗಿಯಾಗಿ ಕೂರಿಸುತ್ತಾರೆ. ಮುಂದಿನ ಕೆಲವು ತಿಂಗಳಲ್ಲಿ ಮೂಳೆ ಬೆಳೆದು ಅದಕ್ಕೆ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿಕೊಂಡ ಕಡ್ಡಿ ಆಮೇಲೆ ಸಡಿಲವಾಗುವುದು ಅಪರೂಪ. ನೀವು ಆ ಹಂತ ದಾಟಿ ಎಷ್ಟೋ ವರ್ಷವಾಯ್ತು.

ಹಾಗಾದರೆ ಸವೆಯೋದು ಯಾವುದು? ಸೊಂಟದ ಮೂಳೆಯಲ್ಲಿ ಕೂರಿಸಿದ ಬಟ್ಟಲಿನೊಳಗಿನ ಪ್ಲಾಸ್ಟಿಕ್ ಪದರ. ಕಡ್ಡಿಯ ತುದಿಯ ಗುಂಡು ತಿರುಗೋದು ಅದರೊಳಗೇ. ಅದರಿಂದ ಉದುರುವ ಸಣ್ಣ ಕಣಗಳನ್ನು ದೇಹ ತೆಗೆದುಹಾಕಲು ಹೋಗುತ್ತದೆ, ಆ ಗಲಾಟೆಯಲ್ಲಿ ಸುತ್ತಲ ಮೂಳೆ ಕರಗುತ್ತದೆ. ಇದಕ್ಕೆ ಎಷ್ಟೋ ಸಲ ನೋವೇ ಇರೋದಿಲ್ಲ. ಎಕ್ಸ್‌ರೇಗೆ ಬನ್ನಿ ಅನ್ನೋದು ಅದಕ್ಕೇ. ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಕಾಣಲ್ಲ, ಆದರೆ ಗುಂಡು ಬಟ್ಟಲಿನ ನಟ್ಟನಡುವೆ ಇದೆಯಾ, ಮೇಲಕ್ಕೆ ಸರಿದಿದೆಯಾ ಅಂತ ನೋಡಬಹುದು. ಹಳೆಯ ಎಕ್ಸ್‌ರೇ ಪಕ್ಕದಲ್ಲಿಟ್ಟರೆ ಒಂದೆರಡು ಮಿಲಿಮೀಟರ್ ವ್ಯತ್ಯಾಸವೂ ಗೊತ್ತಾಗುತ್ತದೆ. ದಯವಿಟ್ಟು ಹಳೆಯವನ್ನು ಎಸೆಯಬೇಡಿ. ಬೇಗ ಗೊತ್ತಾದರೆ ಎಷ್ಟೋ ಜನರಿಗೆ ಆ ಪದರ, ಗುಂಡು ಬದಲಿಸಿದರೆ ಸಾಕು, ಕಡ್ಡಿ ಮುಟ್ಟಬೇಕಿಲ್ಲ. ತಡವಾದರೆ ಕಳೆದುಹೋದ ಮೂಳೆಯನ್ನೂ ತುಂಬಬೇಕು, ಅದು ದೊಡ್ಡ ಆಪರೇಷನ್.

ಎಷ್ಟು ವರ್ಷ ಬರುತ್ತೆ ಅಂತ ಎಲ್ಲರೂ ಕೇಳ್ತಾರೆ. 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ 100ರಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳಿವೆ. ಅದು ಸಿಮೆಂಟ್ ಹಾಕಿದ್ದು, ಹಾಕದ್ದು ಎಲ್ಲ ಸೇರಿಸಿದ ಲೆಕ್ಕ, ಅವುಗಳಲ್ಲಿ 25 ವರ್ಷ ಮುಟ್ಟಿದವು ಹಳೆಯ ಕಾಲದ ಕೀಲುಗಳು. 1990ರ ದಶಕದ ಕೊನೆಯಿಂದ ಬಂದ ಕ್ರಾಸ್‌ಲಿಂಕ್ಡ್ (ಅಣುಗಳನ್ನು ಒಂದಕ್ಕೊಂದು ಬೆಸೆದ) ಪ್ಲಾಸ್ಟಿಕ್ ತುಂಬಾ ಕಡಿಮೆ ಸವೆಯುತ್ತದೆ. ನಿಮ್ಮದು ಯಾವುದು ಅಂತ ಆಪರೇಷನ್ ಫೈಲಿನಲ್ಲಿ ಅಂಟಿಸಿದ ಸ್ಟಿಕ್ಕರ್‌ಗಳಿಂದ ಡಾಕ್ಟರ್ ಹೇಳಬಲ್ಲರು.

ವಯಸ್ಸಾದವರ ಮಾತು ಬೇರೆ. ಮೂಳೆ ತೆಳುವಾಗಿದ್ದರೆ, ಅದರಲ್ಲೂ 75 ದಾಟಿದ ಹೆಂಗಸರಲ್ಲಿ, ಬಿಗಿಯಾಗಿ ಕೂರಿಸಿದ ಕಡ್ಡಿಯ ಸುತ್ತ ಮೂಳೆ ಸೀಳುವ ಅಪಾಯ ಜಾಸ್ತಿ. ಅವರಿಗೆ ಸಿಮೆಂಟ್ ಕಡ್ಡಿಯೇ ಒಳ್ಳೆಯದು ಅನ್ನುತ್ತೇನೆ.

ನೀವು ನಡೆಯಿರಿ, ಮೆಟ್ಟಿಲು ಹತ್ತಿ. ಕೂತು ಎದ್ದ ಮೊದಲ ನಾಲ್ಕು ಹೆಜ್ಜೆಗೆ ತೊಡೆಯಲ್ಲೋ ತೊಡೆಸಂದಿಯಲ್ಲೋ ಹೊಸದಾಗಿ ನೋವು ಶುರುವಾದರೆ ಮಾತ್ರ ಮುಂದಿನ ತಪಾಸಣೆಗೆ ಕಾಯಬೇಡಿ, ಆ ವಾರವೇ ತೋರಿಸಿ.